ತುಸು ತಡವಾಗಿ ಬೀಳುವ ಪೆಟ್ಟು

ಮನೆಯ ಮಹಡಿ ಕೋಣೆಯಿಂದ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಮಗನೇ,

ನಿನ್ನ ಬಲ ಮಣಿಕಟ್ಟಿನ ನೋವು ಈಗ ಹೇಗಿದೆ? ವೈದ್ಯರು ಹೇಳಿದ ವ್ಯಾಯಾಮವನ್ನು ದಿನವೂ ಮಾಡುತ್ತಿರುವೆಯೆಂದು ನಂಬಿದ್ದೇನೆ; ‘ಮಾಡ್ತೀನಿ ಬಿಡಪ್ಪಾ’ ಎಂಬುದನ್ನು ನಾನು ಉತ್ತರವೆಂದು ಪರಿಗಣಿಸುವುದಿಲ್ಲ. ನಾವು ಕ್ಷೇಮ. ನಿನ್ನ ತಾಯಿಗೆ ಹೊಸ ಕನ್ನಡಕ ಬಂದಿದೆ. ಮೂಲೆಮೂಲೆಯ ಧೂಳೆಲ್ಲ ಕಾಣತೊಡಗಿ ನನಗೆ ಕೆಲಸ ಹೆಚ್ಚಿದೆ.

ಹೋದ ತಿಂಗಳು ನಿನ್ನ ತಂಗಿ ಬಂದಿದ್ದಳು. ನಿಮ್ಮ ಬ್ಯಾಂಡಿನ ಎರಡನೆಯ ಆಲ್ಬಮನ್ನು ಕಂಪನಿಯವರು ಮತ್ತೆ ಹೊರತರುತ್ತಾರಂತೆ. ಅದನ್ನು ನೀವು ಈ ಮನೆಯಲ್ಲೇ ಧ್ವನಿಮುದ್ರಿಸಿದಿರಿ. ಪಕ್ಕದ ಮನೆಯ ದಂತವೈದ್ಯರು ಗದ್ದಲಕ್ಕೆ ಸಿಡಿಮಿಡಿಗೊಂಡದ್ದರಿಂದ ನಿನ್ನನ್ನು ಡ್ರಮ್ಮುಗಳ ಸಮೇತ ಉಗ್ರಾಣಕ್ಕೆ ತಳ್ಳಿ, ಬಾಗಿಲಿಗೆ ಹಾಸಿಗೆ ಆನಿಸಿದೆವು. ಇದ್ದ ಒಂದು ಹೆಡ್‌ಫೋನನ್ನು ಹಾಡುವವಳೆಂಬ ನೆಪದಲ್ಲಿ ತಂಗಿ ಕಿತ್ತುಕೊಂಡಳು. ಗೋಡೆಯಾಚೆಯ ಗಿಟಾರು ಕಿವಿಗೆ ಬಿದ್ದ ಮೇಲಷ್ಟೇ ನೀನು ಬಾರಿಸುತ್ತಿದ್ದುದರಿಂದ, ಪ್ರತಿ ಪೆಟ್ಟೂ ತುಸು ತಡವಾಗಿಯೇ ಬಿತ್ತು. ಮುಂದೆ ಕೇಳುಗರು ಮೊದಲ ಎರಡು ಪೆಟ್ಟಿಗೇ ನಿಮ್ಮ ಬ್ಯಾಂಡನ್ನು ಗುರುತಿಸತೊಡಗಿದರು. ಹೋದ ವರ್ಷ ನಿರ್ಮಾಪಕರು ಹೊಸ ಹಾಡುಗಳಲ್ಲಿ ಪೆಟ್ಟು ಗಡಿಯಾರದಂತೆ ಬೀಳಬೇಕೆಂದದ್ದು, ತಂಗಿ ಅವರ ಪಕ್ಷ ವಹಿಸಿದ್ದು, ನೀನು ಊಟ ಬಿಟ್ಟೆದ್ದು, ಬ್ಯಾಂಡನ್ನೂ ಬಿಟ್ಟು ಹೊರಟುಹೋದದ್ದು, ಇವುಗಳ ನ್ಯಾಯಾನ್ಯಾಯವನ್ನು ನಾನಿಲ್ಲಿ ವಿಚಾರಿಸುವುದಿಲ್ಲ.

ಹೊಸ ಪ್ರತಿಯನ್ನು ತಂಗಿ ನಮಗೆ ಕೇಳಿಸಿದಳು. ನಿನ್ನ ಪೆಟ್ಟುಗಳನ್ನೆಲ್ಲ ಯಂತ್ರದಿಂದ ಎಳೆದು ಅದರದರ ಜಾಗದಲ್ಲಿ ಕೂರಿಸಿದ್ದಾರೆ. ‘ಎಷ್ಟು ಮಾರ್ಕ್ಸ್ ಕೊಡ್ತೀಯಪ್ಪಾ?’ ಎಂದಳು. ತಪ್ಪೇನೂ ಸಿಗಲಿಲ್ಲವೆಂದೆ. ನಿನ್ನ ತಾಯಿ ಮಾತ್ರ, ‘ಎಲ್ಲಾ ಸರಿ, ಇದರಲ್ಲಿ ನನ್ನ ಮಗ ಎಲ್ಲಿ?’ ಎಂದಳು. ತಂಗಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಮರುದಿನವೇ ಕಂಪನಿಯವರಿಗೆ ಫೋನು ಮಾಡಿ, ಹಳೆಯದನ್ನು ಇದ್ದಂತೆಯೇ ಹೊರತನ್ನಿ, ಇಲ್ಲವಾದರೆ ಬೇಡವೇ ಬೇಡ ಎಂದಳು. ಅವರು ಒಪ್ಪಿದ್ದಾರೆ, ಆದರೆ ಬಿಡುಗಡೆಯ ದಿನ ಇಡೀ ಆಲ್ಬಮನ್ನು ವೇದಿಕೆಯ ಮೇಲೆ ಹಾಗೆಯೇ ನುಡಿಸಿ ತೋರಿಸಬೇಕಂತೆ. ಈಗಿನ ಡ್ರಮ್ಮರ್ ಸಜ್ಜನ, ಶ್ರಮಜೀವಿ. ಬೇಕೆಂದೇ ತಡ ಮಾಡಿ ಬಾರಿಸುತ್ತಾನೆ. ಅದು ಬಸ್ಸು ತಪ್ಪಿಸಿಕೊಂಡವನಂತೆ ಕೇಳುತ್ತದೆಯೇ ಹೊರತು ನಿನ್ನಂತೆ ಕೇಳುವುದಿಲ್ಲ. ಅಭ್ಯಾಸ ನಡೆಯುವಾಗ ತಂಗಿ ಹಾಡನ್ನು ಅರ್ಧಕ್ಕೇ ನಿಲ್ಲಿಸಿ, ಗಿಟಾರಿನ ತಂತಿಗಳನ್ನು ವೃಥಾ ಬಿಗಿಮಾಡುತ್ತ ಕೂರುತ್ತಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತಾಯಿಯ ಹರಕೆ, ನನ್ನ ಹರಕೆ ಎರಡೂ ನಿನ್ನ ಮೇಲಿರಲಿ.

ಇತಿ,
ನಿನ್ನ ಅಪ್ಪ

ಮರೆತಿದ್ದೆ: ಕಾರ್ಯಕ್ರಮ ಬರುವ ಶನಿವಾರ ಸಂಜೆ. ಆ ಡ್ರಮ್ಮರ್‌ಗೆ ಬರುವುದು ಬೇಡವೆಂದು ತಂಗಿ ನಿನ್ನೆ ತಿಳಿಸಿಬಿಟ್ಟಳು. ಬೇರೆ ಯಾರನ್ನೂ ಗೊತ್ತುಮಾಡಿಲ್ಲ. ಯಾರು ಬಾರಿಸುತ್ತಾರೆಂದು ಕೇಳಿದ್ದಕ್ಕೆ, ‘ಅಣ್ಣಂಗೆ ಮಾತ್ರ ಹೇಳ್ಬೇಡಪ್ಪಾ’ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. ನಾನು ಹೇಳಿಲ್ಲ, ಬರೆದಿದ್ದೇನೆ.