ಮೈಕಿನಲ್ಲಿ ಅವರ ದನಿ

ಮುನಿರಾಬಾದ್
ಶನಿವಾರ

ಪಕ್ಷಿ ಬಳಗದ ಗವಿಸಿದ್ದಪ್ಪ ಸರ್ ಅವರಿಗೆ ಗುಲ್ಶನ ಮಾಡುವ ಸಲಾಂ.

ಹಿನ್ನೀರಿನಲ್ಲಿ ಹಕ್ಕಿ ಎಣಿಸಲು ಹೋಗಿ, ತೆಪ್ಪ ಮಗುಚಿ ನಮ್ಮವರು ತೀರಿಕೊಂಡ ಮೇಲೆ, ಪ್ರತಿ ಭಾನುವಾರದ ಸಭೆಯನ್ನು ನೀವು ಅವರ ಹಳೆಯ ಭಾಷಣದ ರೆಕಾರ್ಡ್ ಹಾಕಿಯೇ ಶುರು ಮಾಡುತ್ತೀರಿ. ಅಭಿಮಾನದಿಂದ ಹಾಕುತ್ತೀರಿ, ಗೊತ್ತು. ಆದರೆ ನಿಮ್ಮ ಸಭಾಭವನದ ಮೈಕು ನಮ್ಮ ಹಿತ್ತಲಿಗೇ ಮುಖ ಮಾಡಿದೆ.

ನಮ್ಮ ಅತ್ತೆ ದಾವಲಬೀಗೆ ಕಣ್ಣು ಕಾಣುವುದಿಲ್ಲ. ಮಗನ ತಣ್ಣಗಿನ ಮುಖ ಸವರಿ ಅತ್ತವರು, ಸತ್ತದ್ದು ಅವರಿಗೆ ಗೊತ್ತು. ಆದರೂ ಆ ದನಿ ಕೇಳಿದರೆ ಎದ್ದು ಹೊರಟುಬಿಡುತ್ತಾರೆ. ಹೋದ ವಾರ ಅಕ್ಕಪಕ್ಕದವರು ಅವರನ್ನು ಕಾಲುವೆ ದಂಡೆಯಿಂದ ಕೈಹಿಡಿದು ಕರೆತಂದರು. “ನಮ್ಮ ಮಂಜೂರ ಅಲ್ಲೇ ಮಾತಾಡಾಕ ಹತ್ಯಾನ, ಮನಿಗೆ ಬಾ ಅಂದ್ರ ಬರವಲ್ಲ” ಎನ್ನುತ್ತಿದ್ದರು ಅತ್ತೆ.

ಮೈಕು ಆ ಕಡೆ ತಿರುಗಿಸಿದರೆ ಸಾಲದು ಸರ್. ನಾಳೆಯಿಂದ ಆ ರೆಕಾರ್ಡನ್ನೇ ಹಾಕಬೇಡಿ. ಅದರಲ್ಲೇ ನಮ್ಮವರು ಹೇಳಿದ್ದಾರಲ್ಲ: “ಮೊಬೈಲಿನ್ಯಾಗ ಕೂಗು ಹಚ್ಚಿ ಹಕ್ಕಿ ಕರೀಬ್ಯಾಡ್ರಿ. ತಮ್ಮವರು ಬಂದ್ರು ಅಂತ ತಿಳಕೊಂಡು, ಗೂಡು ಬಿಟ್ಟು ಹುಡುಕಾಕ ಹೋಗ್ತಾವ.”

ಆ ಮಾತಿಗೆ ನೀವೆಲ್ಲ ಚಪ್ಪಾಳೆ ತಟ್ಟುವುದೂ ನಮ್ಮ ಮನೆಗೆ ಕೇಳಿಸುತ್ತದೆ.

ಇಂತಿ,
ಗುಲ್ಶನ