ಪಾರವ್ವನ ಒಡಪು

ನಾಗನೂರ
ತಾ. ೧೨ ಫೆಬ್ರುವರಿ ೧೯೩೮

ಪ್ರೀತಿಯ ರಾಚಪ್ಪಣ್ಣನಿಗೆ ತಂಗಿ ಪಾರವ್ವನ ಶರಣು.

ನಿನ್ನ ಮೊಣಕಾಲು ನೋವು ಹೇಗಿದೆ? ವೈನಿ ಹೇಳಿದಂತೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ಮೊದಲಿನ ಹಟವೇ ಹಟವೋ? ಹುಕ್ಕೇರಿಯಿಂದ ನೀನು ಬರೆದ ಪತ್ರ ಮುಟ್ಟಿತು. ಶಿವರಾತ್ರಿಯ ಮರುದಿನ ಗಾಡಿ ಕಟ್ಟಿಕೊಂಡು ಬರುತ್ತೀ, ಬುದ್ಧಿ ಕೆಟ್ಟ ಗಂಡನನ್ನು ಬಿಡಿಸಿ ನನಗೆ ಬೇರೆ ಕಡೆ ಉಡಿಕೆ ಮದುವೆ ಮಾಡಿಸುತ್ತೀ ಎಂದಿದ್ದೀ. ನಿನ್ನ ಕರುಳು ನನಗೆ ಗೊತ್ತು, ಸಿಟ್ಟಿಲ್ಲ. ಆದರೆ ನೀನು ಕಂಡದ್ದು ಹಿಂದಿನ ವರ್ಷದ ಮನೆ. ಆಗ ಇವರು ಊಟ ಬಿಟ್ಟು, ಯಾರಿಗೂ ಕಾಣದವರೊಡನೆ ಜಗಳಾಡುತ್ತ ಮೂಲೆ ಹಿಡಿದಿದ್ದರು. ಬಾವಿಗೆ ಬಿದ್ದಾರೆಂದು ನಮ್ಮತ್ತೆ ಇವರನ್ನು ಹೊಲಕ್ಕೇ ಬಿಡುತ್ತಿರಲಿಲ್ಲ.

ಬಾಜೂ ಹೊಲದ ಬಾಬಾಜಾನ ಕಾಕಾ ಅತ್ತೆಯ ಜೊತೆ ಜಗಳಾಡಿಯೇ ಇವರನ್ನು ತಮ್ಮ ಕಪಿಲೆ ಹೊಡೆಯಲು ಕರೆದೊಯ್ದರು. ಎತ್ತುಗಳನ್ನು ಇಳಿಜಾರಿಗೆ ಹೊಡೆದು ತೊಗಲಿನ ಚೀಲದಲ್ಲಿ ನೀರೆತ್ತುವವನ ಬಾಯಿ ಸುಮ್ಮನಿರುತ್ತದೆಯೇ? ಹಾಡಬೇಕು, ಗದರಬೇಕು. ಇವರು ಎತ್ತಿಗೆ ಅಂದದ್ದು ಯಾವುದು, ಕಿವಿಯಲ್ಲಿ ಕೂತವರಿಗೆ ಅಂದದ್ದು ಯಾವುದು, ಯಾರಿಗೂ ತಿಳಿಯಲಿಲ್ಲ. ನಕ್ಕವರಿಗೆ ಕಾಕಾ, "ಎತ್ತಿನ ಜೋಡಿ ಮಾತಾಡವ್ರೆಲ್ಲಾ ಹುಚ್ಚರಾದ್ರ ಊರಾಗ ಶಾಣ್ಯಾರ ಯಾರ ಉಳಿತಾರ್ಲೇ?" ಎಂದರು. ಈಗ ನಮ್ಮ ಬಾವಿಯ ಕಪಿಲೆಯೂ ಇವರದೇ. ದಣಿದು ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ.

ಸುಳ್ಳು ಯಾಕೆ ಹೇಳಲಿ, ಆ ದನಿಗಳು ಪೂರ್ತಿ ಹೋಗಿಲ್ಲ. ಮೊನ್ನೆ ಊಟದ ನಡುವೆ ಇವರ ಕೈ ನಿಂತಿತು. ನನ್ನ ಜೀವ ಹಾರಿತು. "ಬಂದಾರ. ಕುಂದರ್ಲಿ. ನನಗ ಕಬ್ಬಿಗಿ ನೀರ ಬಿಡೋದೈತಿ" ಎಂದು ರೊಟ್ಟಿ ಮುರಿದರು. ಅಣ್ಣಾ, ಎದೆಯ ಮೇಲಿನ ಕಲ್ಲು ಇಳಿದು ಒಲೆಯ ಮುಂದೆಯೇ ಅತ್ತುಬಿಟ್ಟೆ.

ಹೋದ ವಾರ ಓಣಿಯ ಯಲ್ಲವ್ವನ ಬಸುರಿ ಮಗಳಿಗೆ ಕುಬಸ ಮಾಡಿದರು. ಹೆಂಗಸರೆಲ್ಲ ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಿದ್ದರು. ಇವರಿಗೆ ಹೀಗಾದಾಗಿನಿಂದ ನನ್ನ ಸರದಿಯನ್ನು ದಾಟಿಸಿ ಮುಂದೆ ಹೋಗುವುದೇ ರೂಢಿ. ನಾನೂ ತಲೆ ತಗ್ಗಿಸುತ್ತಿದ್ದೆ. ಈ ಸಲ "ಯಾಕ ಬಿಡ್ತೀರಿ ನನ್ನ?" ಎಂದು ಎದ್ದು ನಿಂತೆ. ಏನು ಹೇಳಿದೆನೆಂದು ಅಣ್ಣನಿಗೆ ಬರೆಯಲು ನಾಚಿಕೆ.

ಅವ್ವನಿಗೆ, ವೈನಿಗೆ ಶರಣು ತಿಳಿಸು. ಬಸವಣ್ಣ ನಿಮ್ಮ ಮನೆ ತಂಪಾಗಿಡಲಿ.

ನಿನ್ನ ತಂಗಿ
ಪಾರವ್ವ

ತಾ. ಕ.: ಶಿವರಾತ್ರಿಯ ಮರುದಿನ ಬಾ, ಊಟಕ್ಕೆ ಬಾ, ವೈನಿಯನ್ನೂ ಕರೆದುಕೊಂಡು ಬಾ. ಹಿಂದಿರುಗುವಾಗ ಗಾಡಿಯಲ್ಲಿ ನನಗೆ ಜಾಗ ಬೇಡ. ನಾಚಿಕೆ ಬಿಟ್ಟು ಆ ಒಡಪನ್ನೂ ಬರೆಯುತ್ತೇನೆ:
"ಬಾವಿ ನೀರು ಕಬ್ಬಿನ ಹೊಲದ ತನಕ, ತವರಿನ ಆಸಿ ಹೊಸ್ತಿಲ ತನಕ, ಗುರುಲಿಂಗಪ್ಪನವರ ಜೋಡಿ ನಾ ಇರಾಕಿ ಕಡೀತನಕ."