ಅಕ್ಕನ ಧ್ವನಿ, ನನ್ನ ಅಪ್‌ಡೇಟ್

ಜೂನ್ 4, ಬೆಳಿಗ್ಗೆ 6.10
ಹಲ್ಲುಜ್ಜುವ ಮೊದಲೇ ನನ್ನ ಲ್ಯಾಪ್‌ಟಾಪಿಗೆ ಅಪ್‌ಡೇಟ್. ಎಂಬತ್ತೆರಡು ಪ್ಯಾಕೇಜ್. ಏನೂ ಕೆಡಲಿಲ್ಲ. ಸ್ವಲ್ಪ ಬೇಜಾರೇ ಆಯಿತು.

ಗಂಟಲಿನ ಆಪರೇಶನ್ ಆದಮೇಲೆ ಅಕ್ಕ ಟೈಪ್ ಮಾಡುತ್ತಾಳೆ, ಲ್ಯಾಪ್‌ಟಾಪ್ ಮಾತಾಡುತ್ತದೆ. ಅವಳದಕ್ಕೆ ವಿಂಡೋಸ್ ಬದಲು ಸ್ಟೇಬಲ್ ಲಿನಕ್ಸ್ ಹಾಕಿಕೊಟ್ಟಿದ್ದೆ — ಎರಡು ವರ್ಷ ಅಲ್ಲಾಡುವುದಿಲ್ಲ. ಧ್ವನಿಯೂ ಹಳೆಯದೇ, ತಗಡು ಬಡಿದ ಹಾಗೆ. ನನ್ನದು ರೋಲಿಂಗ್ ಲಿನಕ್ಸ್, ದಿನಾ ಹೊಸದು ಬರುತ್ತಲೇ ಇರಬೇಕು, ಇಲ್ಲದಿದ್ದರೆ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಈ ವಾರ ಅದರಲ್ಲಿ ಹೊಸ ಧ್ವನಿ ಬಂದಿದೆ. ಹೆಂಗಸಿನದು, ನಡುವೆ ಉಸಿರು ತೆಗೆದುಕೊಳ್ಳುತ್ತದೆ. ಅಕ್ಕನಿಗೆ ಕೇಳಿಸಿದೆ. ಕಣ್ಣು ತುಂಬಿಕೊಂಡಳು. ಇದನ್ನೇ ಹಾಕಿಕೊಡು ಅಂತ ಟೈಪ್ ಮಾಡಿದಳು.

ಜೂನ್ 5
ಅವಳಿಗೂ ರೋಲಿಂಗ್ ಹಾಕಿದೆ. ಲ್ಯಾಪ್‌ಟಾಪ್ ಧ್ವನಿಯಲ್ಲಿ ಪಾಠ ಮಾಡಬಲ್ಲಳೇ ಅಂತ ನೋಡಲು ಸೋಮವಾರ ಹೆಡ್‌ಮೇಡಂ ಅವಳ ಗಣಿತದ ಕ್ಲಾಸಿಗೆ ಬಂದು ಕೂರುತ್ತಾರಂತೆ. ಸರಿಹೋದರೆ ಹತ್ತನೇ ಕ್ಲಾಸು ಅವಳದೇ. ಇಲ್ಲದಿದ್ದರೆ ಲೈಬ್ರರಿಗೆ ಹಾಕುತ್ತಾರೆ. ಅಲ್ಲಿಯವರೆಗೆ ಅವಳ ಮೆಷೀನ್ ಮುಟ್ಟುವುದಿಲ್ಲ — ಆಣೆ.

ಜೂನ್ 8, ಸೋಮವಾರ, 6.20
ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ನೂರಾ ಹದಿನಾಲ್ಕು ಅಪ್‌ಡೇಟ್ ಕಾಯುತ್ತಿದ್ದವು... ಕೈ ಸುಮ್ಮನಿರಲಿಲ್ಲ. ನನ್ನದಕ್ಕೂ ಅವಳದಕ್ಕೂ ಒಟ್ಟಿಗೇ ಒತ್ತಿದೆ.

7.05
ಎರಡೂ ಆನ್ ಆದವು. ಎರಡರಲ್ಲೂ ಧ್ವನಿ ಇಲ್ಲ.

8.15
ಹಿಂದಿನದಕ್ಕೆ ಮರಳಿಸಲು ಒದ್ದಾಡಿದೆ, ಆಗಲಿಲ್ಲ. ಸ್ಟೇಬಲ್ ಹಾಕುವಷ್ಟು ಹೊತ್ತಿರಲಿಲ್ಲ. ಅಕ್ಕ ಕೀ ಒತ್ತಿ ಒತ್ತಿ ನೋಡಿದಳು. ಆಮೇಲೆ ಚೀಟಿಯಲ್ಲಿ ಬರೆದಳು: "ನಿನ್ನೆ ನಾನೇ ಏನೋ ತಪ್ಪೊತ್ತಿರಬೇಕು ಕಣೋ." ನಾನು ಆ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ. ಚಾಕ್ ಡಬ್ಬಿ ಹಿಡಿದು ಬಸ್ಸಿಗೆ ಹೋದಳು.

ಜೂನ್ 11
ಲೈಬ್ರರಿ. ನಾಳೆಯಿಂದಲೇ.

ಬೋರ್ಡಿನ ಮೇಲೆ ಬರೆದು ಅರ್ಧ ಗಂಟೆ ಹೇಗೋ ಸಾಗಿಸಿದಳಂತೆ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಡೌಟ್ ಕೇಳಿದಳಂತೆ... ಅಲ್ಲಿಗೆ ಮುಗಿಯಿತು.

ಸೋಮವಾರ ಸಂಜೆಯೇ ಸ್ಟೇಬಲ್ ಹಾಕಿಕೊಟ್ಟಿದ್ದೆ. ಮೂರು ದಿನದಿಂದ ಅವಳು ಮುಟ್ಟಿಲ್ಲ. ಎಲ್ಲಕ್ಕೂ ಚೀಟಿ. ಕೀ ಮುಟ್ಟಲು ಹೆದರಿಕೆಯಂತೆ, ಮತ್ತೆ ಏನಾದರೂ ಕೆಡಿಸಿಬಿಟ್ಟರೆ ಅಂತ. ನನ್ನ ಮೇಲೆ ನನಗೇ ಅಸಹ್ಯ.

ಜೂನ್ 12, 6.40
ಬಾಯಲ್ಲಿ ಹೇಳಲು ಆಗಲಿಲ್ಲ. ಅವಳ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದೆ. ತಗಡು ಧ್ವನಿ ಮನೆಯೆಲ್ಲ ಕೇಳುವಂತೆ ಹೇಳಿತು: "ಅಕ್ಕಾ, ಕೆಡಿಸಿದ್ದು ನೀನಲ್ಲ. ನಾನು."

ಅಡುಗೆಮನೆಯಿಂದ ಬಂದಳು. ಒದ್ದೆ ಕೈ ಒರೆಸಿಕೊಂಡಳು. ಲ್ಯಾಪ್‌ಟಾಪನ್ನು ನನ್ನ ಮುಂದಿನಿಂದ ಎಳೆದುಕೊಂಡಳು.

ಇದನ್ನು ಬರೆಯುತ್ತಿರುವಾಗಲೂ ಟೈಪ್ ಮಾಡುತ್ತಲೇ ಇದ್ದಾಳೆ. ನಿಲ್ಲಿಸದೆ. ಉದ್ದ ಇದೆ, ಬೈಗುಳವೇ ಇರಬೇಕು. ಈಗ ನನ್ನನ್ನೇ ನೋಡುತ್ತ ಎಂಟರ್‌ಗೆ ಬೆರಳು —